ಅವ್ವನ ಬಿಪಿಗೆ ಗಿಡಮೂಲಿಕೆ ಚಹಾ: ಮಾತ್ರೆ ಬಿಡಬಹುದೇ?

ಪ್ರಶ್ನೆ (ಕಲಬುರಗಿಯಿಂದ)

ಎಲ್ಲರಿಗೂ ನಮಸ್ಕಾರ. ನಮ್ಮ ಅವ್ವನಿಗೆ 62 ವರ್ಷ. ನಾಲ್ಕು ವರ್ಷಗಳಿಂದ ಬಿಪಿ ಮಾತ್ರೆ ತೆಗೆದುಕೊಳ್ಳುತ್ತಿದ್ದಾಳೆ. ದಿನಕ್ಕೆ ಆರು ಸಲ ಹಾಲಿನ ಚಹಾ, ಪ್ರತಿ ಕಪ್ಪಿಗೂ ಎರಡು ಚಮಚ ಸಕ್ಕರೆ. ಈ ರೂಢಿಯನ್ನು ಬಿಡಿಸಬೇಕೆಂದು ಕಳೆದ ವಾರ ಗಿಡಮೂಲಿಕೆ ಚಹಾದ ಪೊಟ್ಟಣವೊಂದನ್ನು ತಂದೆ. ಅದರಲ್ಲಿ ತುಳಸಿ, ಶುಂಠಿ, ದಾಸವಾಳ, ಜ್ಯೇಷ್ಠಮಧು ಇವೆ. ಸಕ್ಕರೆ ಹಾಕದೆಯೂ ಸಿಹಿಯಾಗಿರುವ ಅದನ್ನು ಅವ್ವ ಬಸಿಗೆ ಸುರುವಿಕೊಂಡು ಇಷ್ಟಪಟ್ಟು ಕುಡಿಯುತ್ತಾಳೆ. ಆದರೆ ಈಗ, ಇದನ್ನು ಕುಡಿಯುವಾಗ ಮಾತ್ರೆ ಏಕೆ ಬೇಕು ಎಂದು ಕೇಳತೊಡಗಿದ್ದಾಳೆ. ಬಲ್ಲವರು ತಿಳಿಸಬೇಕು.

ಉತ್ತರ 1 (ಬೀದರ್)

ದಯವಿಟ್ಟು ಮಾತ್ರೆ ನಿಲ್ಲಿಸಲು ಬಿಡಬೇಡಿ. ನಾನು ಔಷಧ ಅಂಗಡಿಯಲ್ಲಿ ಕೆಲಸ ಮಾಡುವವನು. ಇದೇ ಪ್ರಶ್ನೆ ನಮ್ಮಲ್ಲಿಗೂ ಆಗಾಗ ಬರುತ್ತದೆ. ದಾಸವಾಳದ ಚಹಾದ ಗುಣ ಸುಳ್ಳಲ್ಲ. ಅಮೆರಿಕದ ಟಫ್ಟ್ಸ್ ವಿಶ್ವವಿದ್ಯಾಲಯದವರು 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 65 ಜನರ ಪೈಕಿ ಆರು ವಾರ ದಿನಕ್ಕೆ ಮೂರು ಕಪ್ ಅದನ್ನು ಕುಡಿದವರ ರಕ್ತದೊತ್ತಡದ ಮೇಲಿನ ಅಂಕಿ ಸರಾಸರಿ ಏಳರಷ್ಟು ಇಳಿದಿತ್ತು. ಆದರೆ ಅಧ್ಯಯನದ ಆರಂಭದಲ್ಲಿ ಅವರ ಒತ್ತಡ ಸ್ವಲ್ಪವೇ ಹೆಚ್ಚಿತ್ತು, ಅವರಲ್ಲಿ ಯಾರೂ ಬಿಪಿ ಮಾತ್ರೆಯ ಮೇಲೆ ಇರಲಿಲ್ಲ. ಆ ಫಲವನ್ನು ನಿಮ್ಮ ತಾಯಿಯವರಿಗೆ ನೇರವಾಗಿ ಅನ್ವಯಿಸಲಾಗದು.

ನನಗೆ ನಿಜವಾಗಿ ಆತಂಕ ಹುಟ್ಟಿಸಿದ್ದು ಆ ಸಿಹಿ. ಅದು ಜ್ಯೇಷ್ಠಮಧುವಿನದು. ಅದರಲ್ಲಿರುವ ಗ್ಲಿಸಿರೈಜಿನ್ ಎಂಬ ಅಂಶವು ದೇಹದಲ್ಲಿ ಉಪ್ಪು, ನೀರು ನಿಲ್ಲುವಂತೆ ಮಾಡಿ ಪೊಟ್ಯಾಸಿಯಂ ಅನ್ನು ಹೊರಹಾಕುತ್ತದೆ. ದಿನವೂ ಹೆಚ್ಚು ಕುಡಿದರೆ ಒತ್ತಡ ಇಳಿಯುವ ಬದಲು ಏರುತ್ತದೆ. ಮೂತ್ರ ಹೆಚ್ಚಿಸುವ ಬಿಪಿ ಮಾತ್ರೆ ಜೊತೆಗಿದ್ದರೆ ಪೊಟ್ಯಾಸಿಯಂ ಇನ್ನೂ ಕುಸಿಯಬಹುದು. ಪೊಟ್ಟಣದ ಹಿಂಭಾಗವನ್ನು ನೋಡಿ: ಯಾವ ಪದಾರ್ಥ ಹೆಚ್ಚಿದೆಯೋ ಅದರ ಹೆಸರೇ ಮೊದಲು ಬರೆದಿರುತ್ತದೆ.

ಉತ್ತರ 2 (ಯಾದಗಿರಿ)

ಮೇಲಿನವರ ಮಾತಿಗೆ ಒಂದೆರಡು ಸಂಗತಿ ಸೇರಿಸುತ್ತೇನೆ. ಆ ದಾಸವಾಳವು ಅಂಗಳದ ಪೂಜೆಯ ಹೂವಲ್ಲ, ನಾವು ರೊಟ್ಟಿಯ ಜೊತೆ ತಿನ್ನುವ ಪುಂಡಿಯ ಜಾತಿಯದು. ಹೂವು ಉದುರಿದ ಮೇಲೆ ಕಾಯಿಯನ್ನು ಸುತ್ತಿಕೊಂಡಿರುವ ದಪ್ಪ ಕೆಂಪು ಎಸಳುಗಳನ್ನು ಒಣಗಿಸಿ ಕುದಿಸಿದರೆ ಅದೇ ಹುಳಿ ಚಹಾ. ಈಜಿಪ್ಟಿನಲ್ಲಿ ಅದನ್ನು ಕರ್ಕದೆ ಎನ್ನುತ್ತಾರೆ.

ನನ್ನ ಅಭಿಪ್ರಾಯದಲ್ಲಿ ನಿಮ್ಮ ತಾಯಿಯವರಿಗೆ ದೊಡ್ಡ ಲಾಭವಿರುವುದು ಮೂಲಿಕೆಗಿಂತ ಬಿಟ್ಟ ಸಕ್ಕರೆಯಲ್ಲಿ. ಚಮಚಕ್ಕೆ ನಾಲ್ಕು ಗ್ರಾಂ ಎಂದರೂ ಹನ್ನೆರಡು ಚಮಚಕ್ಕೆ 48 ಗ್ರಾಂ ಆಯಿತು. ಚಹಾ ಸೊಪ್ಪು ಇಲ್ಲದ್ದರಿಂದ ಕೆಫೀನ್ ಕೂಡ ಇರುವುದಿಲ್ಲ, ಸಂಜೆಯ ಕಪ್ ನಿದ್ದೆ ಕೆಡಿಸದು. ಹವೀಜ (ಕೊತ್ತಂಬರಿ ಬೀಜ), ಜೀರಿಗೆ ಹುರಿದು ಕುಟ್ಟಿ, ಶುಂಠಿಯ ಒಂದು ಚೂರು ಹಾಕಿ ಕುದಿಸಿದ ಕಷಾಯವೂ ಸಾಕು. ಬಸಿಗೆ ಸುರುವಿ ಆರಿಸಿ ಕುಡಿಯುವ ರೂಢಿಯನ್ನು ಮಾತ್ರ ಅವರು ಬಿಡದಿರಲಿ: 65 ಡಿಗ್ರಿಗಿಂತ ಬಿಸಿಯಾದ ಪಾನೀಯವು ಅನ್ನನಾಳದ ಕ್ಯಾನ್ಸರಿಗೆ ಕಾರಣವಾಗುವ ಸಂಭವವಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2016ರಲ್ಲಿ ಹೇಳಿದೆ.

ಪ್ರಶ್ನೆ ಕೇಳಿದವರಿಂದ

ಇಬ್ಬರಿಗೂ ಧನ್ಯವಾದಗಳು. ಪೊಟ್ಟಣ ತಿರುಗಿಸಿ ನೋಡಿದೆ; ತುಳಸಿಯ ನಂತರ ಎರಡನೆಯ ಹೆಸರೇ ಜ್ಯೇಷ್ಠಮಧು. ಅದನ್ನು ಎತ್ತಿಟ್ಟಿದ್ದೇನೆ. ಇಂದು ಬೆಳಿಗ್ಗೆ ಅವ್ವ ಮಾತ್ರೆ ತೆಗೆದುಕೊಂಡಳು, ಹವೀಜದ ಕಷಾಯ ಕುಡಿದು ಬೆಲ್ಲ ಕೇಳಿದಳು. ಸೋಮವಾರ ಬಿಪಿ ನೋಡಿಸಲು ಹೋಗುವಾಗ ಆ ಪೊಟ್ಟಣವನ್ನೂ ವೈದ್ಯರಿಗೆ ತೋರಿಸುತ್ತೇನೆ.