ಸೃಷ್ಟಿಸ್ತಂಭಗಳಿಗೆ ಬಣ್ಣ ಕೊಟ್ಟವರು ಯಾರು?

ಶ್ರೀಕಂಠ ಮಾವ: ನನಗೆ ಬಂದ ಸಂದೇಶದ ಈ ಎರಡು ಚಿತ್ರಗಳನ್ನು ನೋಡಿ. ಎರಡೂ ಈಗಲ್ ನೀಹಾರಿಕೆ ಎಂಬ ಅನಿಲ-ಧೂಳಿನ ಮೋಡದಲ್ಲಿರುವ, ಸೃಷ್ಟಿಸ್ತಂಭ ಎನ್ನುವ ಅದೇ ಕಂಬಗಳಂತೆ. ಬಾಹ್ಯಾಕಾಶ ದೂರದರ್ಶಕ ಹಬಲ್ 1995ರಲ್ಲಿ ತೆಗೆದದ್ದರಲ್ಲಿ ಗಟ್ಟಿ ಮೋಡ, ಇನ್ನೊಂದು ದೂರದರ್ಶಕ ವೆಬ್ 2022ರಲ್ಲಿ ತೆಗೆದದ್ದರಲ್ಲಿ ತುಂಬ ನಕ್ಷತ್ರಗಳು. ಕಂಪ್ಯೂಟರಿನಲ್ಲಿ ಬಣ್ಣ ಬಳಿದು ಮೋಸ ಮಾಡಿದ್ದಾರೆ ಎಂದು ಕೆಳಗೆ ಬರೆದಿದೆ. ಕುಕ್ಕರಹಳ್ಳಿ ಕೆರೆಯ ವಾಕಿಂಗ್ ಗೆಳೆಯರೆಲ್ಲರೂ ಒಪ್ಪಿದರು.

ಗಿರಿಜತ್ತೆ: ಹಾಗಾದರೆ ಇಷ್ಟು ದಿನ ನೋಡಿ ಬೆರಗಾದದ್ದೆಲ್ಲ ಸುಳ್ಳೇ?

ವೀಣಾ: ಸುಳ್ಳಲ್ಲ ಅತ್ತೆ. ಬಣ್ಣವನ್ನು ಕಂಪ್ಯೂಟರಿನಲ್ಲೇ ಕೊಡುತ್ತಾರೆ, ಅದು ನಿಜ. ವೆಬ್ ಹಿಡಿಯುವುದು ಹೆಚ್ಚಾಗಿ ಅವಗೆಂಪು ಬೆಳಕನ್ನು. ಅದು ನಮ್ಮ ಕಣ್ಣಿಗೆ ಕಾಣುವುದಿಲ್ಲ. ಒಂದೇ ದೃಶ್ಯವನ್ನು ಬೇರೆ ಬೇರೆ ಫಿಲ್ಟರುಗಳ ಮೂಲಕ ಕಪ್ಪುಬಿಳುಪಿನಲ್ಲಿ ಹಲವು ಸಲ ತೆಗೆದು, ಉದ್ದ ತರಂಗಾಂತರದ್ದಕ್ಕೆ ಕೆಂಪು, ಗಿಡ್ಡದ್ದಕ್ಕೆ ನೀಲಿ ಕೊಡುತ್ತಾರೆ. ಇಷ್ಟ ಬಂದಂತೆ ಬಳಿಯುವುದಿಲ್ಲ. ಹಬಲ್ ಚಿತ್ರವೂ ಹೀಗೆಯೇ ಆದದ್ದು: ಗಂಧಕದ ಬೆಳಕಿಗೆ ಕೆಂಪು, ಜಲಜನಕಕ್ಕೆ ಹಸಿರು, ಆಮ್ಲಜನಕಕ್ಕೆ ನೀಲಿ.

ಶ್ರೀಕಂಠ ಮಾವ: ಅಲ್ಲಿಗೇ ಹೋಗಿ ನಿಂತರೆ ಹೀಗೆ ಕಾಣುತ್ತದೆಯೇ ಹೇಳಮ್ಮ. ಇಲ್ಲವಾದರೆ ಅದು ಫೋಟೋ ಹೇಗಾಯಿತು?

ವೀಣಾ: ಕಾಣುವುದಿಲ್ಲ. ನಿಮ್ಮ ಮೊಣಕಾಲಿನ ಎಕ್ಸ್‌ರೇಯಲ್ಲಿ ಕಂಡ ಮೂಳೆಯೂ ಬರಿಗಣ್ಣಿಗೆ ಕಾಣುವುದಿಲ್ಲ ಮಾವ, ಆದರೂ ಅದನ್ನು ನಂಬಿಯೇ ಚಿಕಿತ್ಸೆ ಪಡೆದಿರಿ. ಕಣ್ಣಿಗೆ ಕಾಣುವ ಬೆಳಕನ್ನು ಧೂಳು ತಡೆಯುತ್ತದೆ. ಅವಗೆಂಪು ಬೆಳಕು ಬಹುಪಾಲು ಅದನ್ನು ದಾಟಿ ಬರುತ್ತದೆ. ಅದಕ್ಕೇ ಎರಡು ಚಿತ್ರಗಳು ಬೇರೆ. ವೆಬ್ ಚಿತ್ರದಲ್ಲಿ ಕಂಬಗಳ ಅಂಚಿನಲ್ಲಿ ಕೆಂಡದಂತಹ ಕೆಂಪು ಗೆರೆಗಳಿವೆಯಲ್ಲ, ಅವನ್ನು ದೊಡ್ಡದು ಮಾಡಿ ನೋಡಿ. ಒಳಗೆ ಹುಟ್ಟುತ್ತಿರುವ ನಕ್ಷತ್ರಗಳು ಉಗುಳಿದ ಅನಿಲ ಸುತ್ತಲಿನ ಮೋಡಕ್ಕೆ ಬಡಿದು ಹೊಳೆಯುತ್ತಿರುವುದು ಅದು. ಆ ನಕ್ಷತ್ರಗಳ ವಯಸ್ಸು ಕೆಲವು ಲಕ್ಷ ವರ್ಷ ಮಾತ್ರ. ನಮ್ಮ ಸೂರ್ಯನದು ಸುಮಾರು 460 ಕೋಟಿ. ಸೂರ್ಯನೂ ಒಂದು ಕಾಲದಲ್ಲಿ ಇಂತಹದೇ ಮೋಡದೊಳಗೆ ಹುಟ್ಟಿದವನು. ಇದನ್ನು ನೋಡುವ ಭಾಗ್ಯವನ್ನು ಮೋಸ ಎನ್ನಬೇಡಿ.

ರಘು: ಅಕ್ಕ ಹೇಳಿದ್ದು ಸರಿ. ಮಂಡ್ಯದಲ್ಲಿ ನನ್ನ ತರಗತಿಯ ಮಕ್ಕಳಿಗೆ ಇದೇ ಚಿತ್ರ ತೋರಿಸಿದ್ದೇನೆ. ಈಗ ಅವರ ಮನೆಗಳಿಗೂ ಈ ಸಂದೇಶ ತಲುಪಿದೆ, ಬಂದು ಕೇಳುತ್ತಿದ್ದಾರೆ. ಇಸ್ರೋದ ಆಸ್ಟ್ರೋಸ್ಯಾಟ್ ಉಪಗ್ರಹ 2015ರಲ್ಲಿ ಹಾರಿದಾಗ ಅದರಲ್ಲಿ ಅತಿನೇರಳೆ ದೂರದರ್ಶಕವಿತ್ತು. ಆ ಬೆಳಕೂ ಕಣ್ಣಿಗೆ ಕಾಣದು. ಅದೂ ಮೋಸವೇ ಮಾವ?

ಶ್ರೀಕಂಠ ಮಾವ: ಇಸ್ರೋ ಸುದ್ದಿಗೆ ಹೋಗಬೇಡ. ಬಣ್ಣ ಕೊಟ್ಟಿದ್ದೇವೆ ಎಂದು ಚಿತ್ರದ ಜೊತೆ ಹೇಳಬೇಕಿತ್ತು. ನನ್ನ ತಕರಾರು ಅಷ್ಟೇ.

ವೀಣಾ: ಹೇಳಿದ್ದಾರೆ. ವೆಬ್ ದೂರದರ್ಶಕದ ಜಾಲತಾಣದಲ್ಲಿ ಯಾವ ಫಿಲ್ಟರಿಗೆ ಯಾವ ಬಣ್ಣ ಎಂದು ಚಿತ್ರದ ಜೊತೆಗೇ ಬರೆದಿದೆ. ಆ ವಿವರವನ್ನು ಬಿಟ್ಟು, ಬರಿಯ ಚಿತ್ರಕ್ಕೆ ಆರೋಪ ಅಂಟಿಸಿ ಹಂಚಿದವರ ಮೇಲೆ ನನಗೆ ಕೋಪ.

ಶ್ರೀಕಂಠ ಮಾವ: ಆ ಪುಟದ ಕೊಂಡಿ ಕಳಿಸು. ನಾನೇ ಓದಿ, ನಾಳೆ ಕೆರೆಯ ಬಳಿ ಅವರಿಗೂ ತೋರಿಸುತ್ತೇನೆ. ಫೋಟೋ ಎಂಬ ಮಾತನ್ನು ಮಾತ್ರ ಇನ್ನೂ ಒಪ್ಪಿಲ್ಲ.