ರಾಹುಕಾಲ ಮಾತ್ರ ರಿಪೀಟ್ ಆಗುತ್ತೆ

ನಮ್ಮ ಬಡಾವಣೆಯ ಕನ್ನಡ ಸಂಘಕ್ಕೆ ಒಂದು ವೆಬ್‌ಸೈಟ್ ಇದೆ. ಅದರಲ್ಲಿ 'ಮುಂಬರುವ ಕಾರ್ಯಕ್ರಮಗಳು' ಅಂತ ಒಂದು ಪುಟ ಇದೆ. ಆ ಪುಟದಲ್ಲಿ ಹೋದ ವರ್ಷದ ರಾಜ್ಯೋತ್ಸವ ಇನ್ನೂ ಮುಂಬರುತ್ತಲೇ ಇದೆ.

"ಪುಟ ಬದಲಿಸೋದು ಯಾರ ಕೆಲಸ?" ಅಂತ ಮೇಷ್ಟ್ರು ಕೇಳಿದರು. ಹನುಮಂತನಗರದ ದರ್ಶಿನಿಯಲ್ಲಿ ನಿಂತು ಬೈಟು ಕಾಫಿ ಕುಡಿಯುವಾಗ ಕೇಳುವ ಪ್ರಶ್ನೆಯೇ ಇದು? ಎಲ್ಲರೂ ಲೋಟದೊಳಗೆ ಏನೋ ಬಿದ್ದಿದೆ ಎನ್ನುವಂತೆ ನೋಡತೊಡಗಿದರು.

ಕೊನೆಗೆ ಸೀನ ಬಾಯಿ ಬಿಟ್ಟ. ಅವನು ಸಾಫ್ಟ್‌ವೇರ್ ಕಂಪನಿಯಲ್ಲಿದ್ದಾನೆ. ಹಾಗಾಗಿ ಟಿವಿ ರಿಮೋಟ್ ಕೆಟ್ಟರೂ ನಾವು ಅವನನ್ನೇ ಕರೆಯುತ್ತೇವೆ. "ಪುಟ ಯಾರೂ ಬದಲಿಸೋದೇ ಬೇಡ ಮೇಷ್ಟ್ರೇ. ಗೂಗಲ್ ಕ್ಯಾಲೆಂಡರ್ ತಂದು ಸೈಟಿನೊಳಗೆ ಕೂರಿಸೋಣ. ಫೋನಿನಲ್ಲಿ ಕಾರ್ಯಕ್ರಮ ಸೇರಿಸಿದರೆ ಸೈಟಿನಲ್ಲಿ ತಾನೇ ಕಾಣುತ್ತೆ. ಮುಗಿದದ್ದು ತಾನೇ ಹಿಂದೆ ಸರಿಯುತ್ತೆ."

"ಕೂರಿಸೋದು ಅಂದ್ರೆ ಗಣಪತಿ ಕೂರಿಸಿದ ಹಾಗಾ?" ಅಂದರು ಪದ್ಮಕ್ಕ.

"ಹೆಚ್ಚು ಕಡಿಮೆ ಹಾಗೇ ಅಕ್ಕಾ. ಆದ್ರೆ ಇದನ್ನ ವಿಸರ್ಜನೆ ಮಾಡೋದಿಲ್ಲ."

ಇಡ್ಲಿ ತಟ್ಟೆಗಳನ್ನು ಪಕ್ಕಕ್ಕೆ ಸರಿಸಿ, ಸಾಂಬಾರಿನ ಉಂಗುರ ಒರೆಸಿ, ಸೀನ ಲ್ಯಾಪ್‌ಟಾಪ್ ತೆರೆದ. ಈ ಕೆಲಸಕ್ಕೆ ಬೇಕಾದ ಕೋಡ್ ಫೋನಿನ ಆ್ಯಪ್‌ನಲ್ಲಿ ಸಿಗುವುದಿಲ್ಲವಂತೆ, ಕಂಪ್ಯೂಟರಿನಲ್ಲೇ ತೆಗೆಯಬೇಕಂತೆ.

ಖಜಾಂಚಿ ರಾಯರು ಮುಂದೆ ಬಂದರು. "ಹೊಸದ್ಯಾಕೋ? ನನ್ನ ಕ್ಯಾಲೆಂಡರ್ ಇದೆಯಲ್ಲ. ಸಂಘದ ಸಭೆ ಎಲ್ಲಾ ಅದರಲ್ಲೇ ಬರೆದಿದ್ದೀನಿ. ಅದನ್ನೇ ಹಾಕು."

ಸೀನ ನೋಡಿದ. ನಾವೂ ಇಣುಕಿದೆವು. ಸಂಘದ ಸಭೆಗಳು ಇದ್ದದ್ದು ನಿಜ. ಎರಡು ಸಭೆಗಳ ನಡುವೆ 'ಮೂಲವ್ಯಾಧಿ ಡಾಕ್ಟರ್, 11 ಗಂಟೆ' ಅಂತಲೂ ಇತ್ತು. ಅದರ ಕೆಳಗೆ, 'ಅಧ್ಯಕ್ಷರ ಫೋನ್ ಬಂದರೆ ಎತ್ತಬಾರದು'.

"ರಾಯರೇ, ಒಮ್ಮೆ ಸಾರ್ವಜನಿಕ ಅಂತ ಟಿಕ್ ಹಾಕಿದರೆ ಇದನ್ನ ಯಾರು ಬೇಕಾದರೂ ನೋಡಬಹುದು."

"ಹೊಸದೇ ಮಾಡು, ಹೊಸದೇ ಮಾಡು" ಅಂದರು ರಾಯರು.

ಸಂಘದ ಹೆಸರಿನಲ್ಲಿ ಬೇರೆ ಕ್ಯಾಲೆಂಡರ್ ಹುಟ್ಟಿತು. ಸೆಟ್ಟಿಂಗ್ಸ್‌ಗೆ ಹೋಗಿ ಸಾರ್ವಜನಿಕರಿಗೆ ಲಭ್ಯ ಅಂತ ಟಿಕ್ ಹಾಕಿದ್ದೂ ಆಯಿತು. ಅಲ್ಲೇ ಪಕ್ಕದಲ್ಲಿ ಇನ್ನೊಂದು ಆಯ್ಕೆ ಇದೆ, ಎಲ್ಲ ವಿವರ ತೋರಿಸಬೇಕೋ, ಬರೀ ಬಿಡುವೋ ಬ್ಯುಸಿಯೋ ಅಂತ ತೋರಿಸಿದರೆ ಸಾಕೋ ಅಂತ. ಎರಡನೆಯದನ್ನು ಒತ್ತಿದರೆ ಸೈಟಿನ ತುಂಬ 'ಬ್ಯುಸಿ' ಅಂತಷ್ಟೇ ಬರುತ್ತದೆ.

"ಅದನ್ನೇ ಇಡು" ಅಂದರು ಮೇಷ್ಟ್ರು. "ನಮ್ಮ ಸಂಘ ಬ್ಯುಸಿಯಾಗಿದೆ ಅಂತಾದರೂ ಜನಕ್ಕೆ ಗೊತ್ತಾಗಲಿ."

ಸೀನ ಮೊದಲನೆಯದನ್ನೇ ಇಟ್ಟ. ಕೆಳಗಿದ್ದ ಎಂಬೆಡ್ ಕೋಡ್ ಕಾಪಿ ಮಾಡಿದ. ಐಫ್ರೇಮ್ ಅಂತೆ ಅದರ ಹೆಸರು. ನಮ್ಮ ಪುಟದೊಳಗೆ ಗೂಗಲ್‌ನ ಪುಟವನ್ನು ತೋರಿಸುವ ಚೌಕಟ್ಟು, ಅಷ್ಟೇ. ಅದರ ಹತ್ತಿರವೇ 'ಸೀಕ್ರೆಟ್ ಅಡ್ರೆಸ್' ಅಂತ ಇನ್ನೊಂದು ಕೊಂಡಿ ಇತ್ತು. ರಾಯರು ಅದನ್ನೂ ಹಾಕು ಅಂದರು. ಗುಟ್ಟು ಅಂತ ಹೆಸರಿನಲ್ಲೇ ಬರೆದಿದ್ದರೂ ಹಂಚಬೇಕು ಅನ್ನಿಸುವುದು ನಮ್ಮ ಬಡಾವಣೆಯ ಗುಣ.

ಕೋಡನ್ನು ನಮ್ಮ ಸೈಟಿನ ಪುಟ ಬರೆಯುವ ವರ್ಡ್‌ಪ್ರೆಸ್‌ನಲ್ಲಿ ಅಂಟಿಸುವ ಭಾಗ್ಯ ನನಗೇ ಬೇಕು ಅಂತ ಪದ್ಮಕ್ಕ ಹಟ ಹಿಡಿದರು. ಮಾಮೂಲಿ ಬರಹ ಬರೆಯುವ ಜಾಗದಲ್ಲಿ ಅಂಟಿಸಿದರು. ಸೈಟ್ ತೆರೆದು ನೋಡಿದರೆ ಕ್ಯಾಲೆಂಡರ್ ಇಲ್ಲ, ಬರೀ ಬಾಣದ ಗುರುತು, ಉದ್ದನೆಯ ಇಂಗ್ಲಿಷ್ ಸಾಲು.

"ಕನ್ನಡ ಸಂಘದ ಸೈಟಿನಲ್ಲಿ ಇದ್ಯಾವ ಭಾಷೆ?" ಅಂತ ಮೇಷ್ಟ್ರು ಕೆಂಡವಾದರು.

'ಕಸ್ಟಮ್ ಎಚ್‌ಟಿಎಂಎಲ್' ಅನ್ನುವ ಬ್ಲಾಕ್ ತೆಗೆದು ಅದರಲ್ಲಿ ಹಾಕಬೇಕಿತ್ತು. ಹಾಕಿದ ಮೇಲೆ ಕ್ಯಾಲೆಂಡರ್ ಬಂತು. ಮೇಷ್ಟ್ರ ಸಮಾಧಾನಕ್ಕೆ ಸೀನ ಕೋಡಿನೊಳಗಿನ ವಿಳಾಸಕ್ಕೆ 'ಎಚ್‌ಎಲ್ ಈಕ್ವಲ್ ಟು ಕೆಎನ್' ಅಂತ ಒಂದು ತುಂಡು ಸೇರಿಸಿದ. ತಿಂಗಳು, ವಾರಗಳ ಹೆಸರೆಲ್ಲ ಕನ್ನಡಕ್ಕೆ ತಿರುಗಿದವು. ಮೇಷ್ಟ್ರು ಇನ್ನೊಂದು ಬೈಟು ಹೇಳಿದರು.

ನನ್ನ ಫೋನಿನಲ್ಲಿ ನೋಡಿದರೆ ಅರ್ಧ ಕ್ಯಾಲೆಂಡರ್ ಪರದೆಯಿಂದ ಆಚೆ. ಗೂಗಲ್ ಕೊಡುವ ಚೌಕಟ್ಟು 800 ಪಿಕ್ಸೆಲ್ ಅಗಲ, 600 ಎತ್ತರ. ಅಗಲವನ್ನು ನೂರು ಪರ್ಸೆಂಟ್ ಮಾಡಿದ ಮೇಲೆ ಪೂರ್ತಿ ಒಳಗೆ ಬಂತು. ಆದರೆ ತಿಂಗಳ ಚೌಕಗಳು ಎಷ್ಟು ಸಣ್ಣದಾದವು ಅಂದರೆ 'ಸುಗಮ ಸಂಗೀತ' ಅನ್ನುವುದು 'ಸುಗ' ಅಂತ ನಿಂತುಬಿಟ್ಟಿತು. ತಿಂಗಳ ನೋಟ ಗೋಡೆಗೆ ಚೆಂದ, ಫೋನಿಗಲ್ಲ. ಒಂದರ ಕೆಳಗೊಂದು ಪಟ್ಟಿಯಾಗಿ ಬರುವ ಅಜೆಂಡಾ ನೋಟವೇ ವಾಸಿ ಅಂತ ನಾನಂದೆ. ಈ ಒಂದು ವಿಷಯದಲ್ಲಿ ಮಾತ್ರ ಯಾರೂ ಜಗಳ ತೆಗೆಯಲಿಲ್ಲ.

ಜಗಳ ಹಬ್ಬದಲ್ಲಿ ಶುರುವಾಯಿತು.

ರಾಯರು ಗಣೇಶೋತ್ಸವಕ್ಕೆ 'ಪ್ರತಿ ವರ್ಷ ರಿಪೀಟ್' ಅಂತ ಒತ್ತಿ, ಇನ್ನು ಜನ್ಮಕ್ಕೆಲ್ಲ ಆಯಿತು ಅಂತ ಕೈ ಒರೆಸಿಕೊಂಡರು. ಮೇಷ್ಟ್ರು ಬಿಡುತ್ತಾರೆಯೇ? "ಏನಯ್ಯಾ ಸೀನ, ಚೌತಿ 2024ರಲ್ಲಿ ಸೆಪ್ಟೆಂಬರ್ 7. 2025ರಲ್ಲಿ ಆಗಸ್ಟ್ 27. 2026ರಲ್ಲಿ ಸೆಪ್ಟೆಂಬರ್ 14. ನಿನ್ನ ಗೂಗಲ್ ಯಾವ ತಾರೀಕಿಗೆ ಮೋದಕ ಮಾಡುತ್ತೆ?"

"ಅದಕ್ಕೆ ತಾರೀಕು ಗೊತ್ತು, ತಿಥಿ ಗೊತ್ತಿಲ್ಲ ಮೇಷ್ಟ್ರೇ. ಚಂದ್ರನ್ನ ನೋಡಿ ಬರೋ ಹಬ್ಬಕ್ಕೆಲ್ಲ ರಿಪೀಟ್ ಒತ್ತಬಾರದು. ಯುಗಾದಿ, ಸಂಕಷ್ಟಿ, ಏಕಾದಶಿ ಎಲ್ಲಾ ಬೆಂಗಳೂರು ಪ್ರೆಸ್ ಕ್ಯಾಲೆಂಡರ್ ಮುಂದಿಟ್ಟುಕೊಂಡು ಕೈಯಲ್ಲೇ ತುಂಬಬೇಕು."

"ಅಂದ್ರೆ ಗೋಡೆ ಮೇಲಿನ ಕ್ಯಾಲೆಂಡರ್ ನೋಡಿ ಗೂಗಲ್ ಕ್ಯಾಲೆಂಡರ್ ಬರೆಯೋದು" ಅಂದರು ಪದ್ಮಕ್ಕ.

"ರಾಜ್ಯೋತ್ಸವ ಒಂದಕ್ಕೆ ಒತ್ತಬಹುದಲ್ಲ?" ಅಂತ ನಾನು ಕೇಳಿದೆ. "1956ರಿಂದ ನವೆಂಬರ್ 1 ಬಿಟ್ಟು ಕದಲಿಲ್ಲ."

ರಾಯರು ನಕ್ಕರು. "ರಾಜ್ಯದ ರಾಜ್ಯೋತ್ಸವ ನವೆಂಬರ್ 1. ನಮ್ಮ ಸಂಘದ್ದು ಯಾವತ್ತು ಆ ದಿನ ಆಗಿದೆ? ಶಾಮಿಯಾನದವನು ಸಿಗಬೇಕು, ಮುಖ್ಯ ಅತಿಥಿ ಸಿಗಬೇಕು, ಮೈಕಿನವನು ಸಿಗಬೇಕು. ಡಿಸೆಂಬರ್‌ಗೆ ಹೋಗದಿದ್ದರೆ ದೊಡ್ಡದು."

ಹಾಗಾದರೆ ತಪ್ಪದೆ ರಿಪೀಟ್ ಆಗುವಂಥದ್ದು ಏನಿದೆ ಅಂತ ಹುಡುಕಾಟ ಶುರುವಾಯಿತು. ಪದ್ಮಕ್ಕನಿಗೆ ಹೊಳೆಯಿತು. "ರಾಹುಕಾಲ! ವಾರವಾರವೂ ಅದೇ ಹೊತ್ತು. ಸೋಮವಾರ ಏಳೂವರೆಯಿಂದ ಒಂಬತ್ತು, ಶುಕ್ರವಾರ ಹತ್ತೂವರೆಯಿಂದ ಹನ್ನೆರಡು. ಒಂದ್ಸಲ ಹಾಕಿದರೆ ಆಯ್ತು."

ಸೀನ ಬೇಡ ಅನ್ನುವಷ್ಟರಲ್ಲಿ ಅಕ್ಕ ಏಳೂ ದಿನದ್ದು ಹಾಕಿ ಮುಗಿಸಿದ್ದರು. ಭಾನುವಾರದ್ದು ನಾಲ್ಕೂವರೆಯಿಂದ ಆರು. ಅದನ್ನು ಕಂಡದ್ದೇ ಮೇಷ್ಟ್ರ ಬೆರಳು ಪರದೆಗೆ ತಾಗಿತು. ನಮ್ಮ ಸಂಘದ ತಿಂಗಳ ಕಾರ್ಯಕ್ರಮ ಭಾನುವಾರ ಸಂಜೆ ಐದಕ್ಕೆ, ರಾಹುಕಾಲದ ನಟ್ಟನಡುವೆ ಕೂತಿತ್ತು.

"ಅದಕ್ಕೇ ಕಣ್ರೋ ಜನ ಬರ್ತಿಲ್ಲ!"

ಇಷ್ಟು ವರ್ಷ ಭಾಷಣ ಉದ್ದವಾಯಿತು ಅಂತ ಎಲ್ಲರೂ ಮೇಷ್ಟ್ರನ್ನೇ ದೂರುತ್ತಿದ್ದೆವು. ಅವರ ಮುಖದಲ್ಲಿ ಆ ಹೊತ್ತು ಕಂಡ ನಿರಾಳವನ್ನು ನಾನು ಬೇರೆಲ್ಲೂ ಕಂಡಿಲ್ಲ.

ಐದೋ ಆರೋ ಅನ್ನುವುದು ಇತ್ಯರ್ಥವಾಗುವ ಮೊದಲೇ ಪದ್ಮಕ್ಕನ ಚಿಂತೆ ನ್ಯೂಜೆರ್ಸಿಗೆ ಹಾರಿತು. ಮಗಳು ಅಲ್ಲಿಂದ ಲೈವ್ ನೋಡುತ್ತಾಳೆ. ಇಲ್ಲಿ ಸಂಜೆ ಐದು ಅಂದರೆ ಅಲ್ಲಿ ಚಳಿಗಾಲದಲ್ಲಿ ಬೆಳಗ್ಗೆ ಆರೂವರೆ, ಬೇಸಿಗೆಯಲ್ಲಿ ಏಳೂವರೆ. ಸೀನ ಕೋಡಿನಲ್ಲಿ ಏಷ್ಯಾ ಕೋಲ್ಕತಾ ಅಂತ ಇಟ್ಟಿದ್ದರಿಂದ ಸೈಟಿನಲ್ಲಿ ಭಾರತದ ಹೊತ್ತೇ ಕಾಣುತ್ತದೆ. ಮಗಳು ಇದನ್ನು ತನ್ನ ಗೂಗಲ್ ಕ್ಯಾಲೆಂಡರಿಗೆ ಸೇರಿಸಿಕೊಂಡರೆ ಅಲ್ಲಿನ ಹೊತ್ತಿಗೆ ತಾನೇ ಬದಲಾಗುತ್ತದೆ.

"ಹಾಗಾದ್ರೆ ಅವಳಿಗೆ ರಾಹುಕಾಲ ಬೆಳಗ್ಗೆ ಆರಕ್ಕೆ ಬರುತ್ತಾ?"

ಸೀನ ಉತ್ತರ ಹೇಳಲಿಲ್ಲ. ಎಲ್ಲರಿಗೂ ಬದಲಾವಣೆ ಮಾಡುವ ಅನುಮತಿ ಕೊಟ್ಟು, ಲ್ಯಾಪ್‌ಟಾಪ್ ಮುಚ್ಚಲು ಹೋದ. ಅಷ್ಟರಲ್ಲಿ ಪಟ್ಟಿಯ ತುದಿಯಲ್ಲಿ ಹೊಸದೊಂದು ಸಾಲು ಮೂಡಿತು. ರಾಯರು ಫೋನ್ ಹಿಡಿದು ಗಂಭೀರವಾಗಿ ನಿಂತಿದ್ದರು. ಸಾಲಿನಲ್ಲಿ 'ಚಂದಾ ಬಾಕಿ ಇರುವವರು' ಅಂತಿತ್ತು. ಇಡೀ ದಿನ, ಪ್ರತಿ ದಿನ ರಿಪೀಟ್. ಮೊದಲ ಹೆಸರು ಸೀನನದು, ಎರಡನೆಯದು ನನ್ನದು.

"ರಾಯರೇ, ಇದು ಊರಿಗೆಲ್ಲ ಕಾಣುತ್ತೆ" ಅಂದ ಸೀನ.

"ಕಾಣುತ್ತೆ ಅಂತ ನೀನೇ ಹೇಳಿಕೊಟ್ಟೆಯಲ್ಲೋ."