ದೇಶ ದೇಶಗಳ ಇಂಟರ್ನೆಟ್ ಹೋಲಿಕೆಗೆ ಯಾವ ಅಂಕಿಅಂಶ ನಂಬಬಹುದು? ಅನುಭವ ಇದ್ದವರು ತಿಳಿಸಿ

ಪ್ರಶ್ನೆ: ಎಂ.ಎ. ಅರ್ಥಶಾಸ್ತ್ರದ ಕಿರುಪ್ರಬಂಧಕ್ಕಾಗಿ ಭಾರತ, ವಿಯೆಟ್ನಾಂ ಮತ್ತು ಜರ್ಮನಿಗಳ ಇಂಟರ್ನೆಟ್ ಲಭ್ಯತೆಯನ್ನು ಸಾರ್ವಜನಿಕ ದತ್ತಾಂಶದಿಂದ ಹೋಲಿಸಬೇಕಾಗಿದೆ. ವಿಶ್ವಬ್ಯಾಂಕಿನ ಕೋಷ್ಟಕವೊಂದೇ ಸಾಕೇ, ವೇಗದ ಲೆಕ್ಕವನ್ನೂ ಸೇರಿಸಬೇಕೇ? ಗಡುವಿಗೆ ಇನ್ನು ಎರಡು ತಿಂಗಳಿದೆ.

ತುಂಗಾತೀರ: ಇದೇ ವಿಷಯದಲ್ಲಿ ಕೈ ಸುಟ್ಟುಕೊಂಡವನು ನಾನು. ನೂರು ಜನರಿಗೆ ಎಷ್ಟು ಸ್ಥಿರ ಬ್ರಾಡ್‌ಬ್ಯಾಂಡ್ ಸಂಪರ್ಕಗಳಿವೆ ಎಂಬ ಅಂಕಣವನ್ನು ನಂಬಿ, ನಾಲ್ಕು ತಿಂಗಳು ಕೂತು ಮೂರನೆಯ ಅಧ್ಯಾಯ ಬರೆದೆ. ಮೌಖಿಕ ಪರೀಕ್ಷೆಯಲ್ಲಿ ಹೊರಗಿನಿಂದ ಬಂದ ಪರೀಕ್ಷಕರು ಕೇಳಿದ್ದು ಒಂದೇ ಪ್ರಶ್ನೆ: "ಒಂದು ಮನೆಯಲ್ಲಿ ಎಷ್ಟು ಜನರಿರುತ್ತಾರೆ?" ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮಲ್ಲಿ ಸರಾಸರಿ 4.4 ಜನ, ಜರ್ಮನಿಯಲ್ಲಿ ಸುಮಾರು ಇಬ್ಬರು. ಭಾರತದ ಪ್ರತಿ ಮನೆಗೂ ಒಂದೊಂದು ತಂತಿ ಎಳೆದರೂ ನಮ್ಮ ಅಂಕಿ 23ರ ಆಸುಪಾಸಿನಲ್ಲೇ ನಿಲ್ಲುತ್ತದೆ, ಅವರದು 50 ಮುಟ್ಟುತ್ತದೆ. 38 ಪುಟಗಳನ್ನು ಹೊಸದಾಗಿ ಬರೆದೆ, ಐದು ಪ್ರತಿಗಳ ಮುದ್ರಣಕ್ಕೂ ಬೈಂಡಿಂಗಿಗೂ ಮತ್ತೆ 2,150 ರೂಪಾಯಿ ತೆತ್ತೆ, ಒಂದು ಸೆಮಿಸ್ಟರ್ ಕಳೆದುಕೊಂಡೆ.

ಕೋಷ್ಟಕಪ್ರಿಯ: ಸಂಪರ್ಕಗಳನ್ನು ಎಣಿಸಲು ಹೋದದ್ದೇ ತಪ್ಪು, ಜನರನ್ನು ಎಣಿಸಬೇಕಿತ್ತು. ಕಳೆದ ಮೂರು ತಿಂಗಳಲ್ಲಿ ಯಾವುದೇ ಜಾಗದಿಂದ, ಯಾವುದೇ ಸಾಧನದಿಂದ ಇಂಟರ್ನೆಟ್ ಬಳಸಿದವರನ್ನು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟವು ಬಳಕೆದಾರರೆಂದು ಪರಿಗಣಿಸುತ್ತದೆ. ವಿಶ್ವಬ್ಯಾಂಕ್ ಕೊಡುವುದೂ ಅದೇ ಅಂಕಿಯನ್ನು. ನನ್ನನ್ನು ಕಾಡಿದ್ದು ನಮೀಬಿಯ. ನಾನು ಎರಡಕ್ಷರದ ದೇಶಸಂಕೇತ ಹಿಡಿದು ಕಡತಗಳನ್ನು ಜೋಡಿಸಿದ್ದೆ. ನಮೀಬಿಯದ ಸಂಕೇತ 'ಎನ್‌ಎ' (NA) ಆದದ್ದರಿಂದ, ಕೋಷ್ಟಕ ಸಂಸ್ಕರಿಸುವ ಪಾಂಡಾಸ್ ಎಂಬ ತಂತ್ರಾಂಶ ಅದನ್ನು 'ಮಾಹಿತಿ ಇಲ್ಲ' (ನಾಟ್ ಅವೈಲಬಲ್) ಎಂದು ಓದಿಕೊಂಡಿತ್ತು. ಆಫ್ರಿಕದ ಪಟ್ಟಿಯಲ್ಲಿ ಒಂದು ದೇಶ ಕಡಿಮೆ ಬರುತ್ತಿರುವುದೇಕೆಂದು ಹನ್ನೊಂದು ರಾತ್ರಿ ಹುಡುಕಿದೆ. ಅದಾದ ಮೇಲೆ 'ದಕ್ಷಿಣ ಏಷ್ಯಾ', 'ವಿಶ್ವ' ಎಂಬ ಒಟ್ಟು ಸಾಲುಗಳು ದೇಶಗಳ ನಡುವೆಯೇ ಕೂತಿರುವುದು ಕಣ್ಣಿಗೆ ಬಿದ್ದು, ಎಲ್ಲ ಸರಾಸರಿಗಳನ್ನೂ ಮೊದಲಿನಿಂದ ತೆಗೆಯಬೇಕಾಯಿತು.

ಸ್ಟುಟ್‌ಗಾರ್ಟ್ ಕನ್ನಡಿಗ: ಮೂರು ತಿಂಗಳಿಗೊಮ್ಮೆ ವಾಟ್ಸಾಪ್ ತೆರೆದವನನ್ನೂ ದಿನವಿಡೀ ವಿಡಿಯೊ ಕರೆಯಲ್ಲಿರುವವನನ್ನೂ ಒಂದೇ ತಕ್ಕಡಿಗೆ ಹಾಕುವ ಅಂಕಿ ಏನು ಹೇಳೀತು? ನಾನು ಸ್ಪೀಡ್‌ಟೆಸ್ಟ್ ಎಂಬ ವೇಗಪರೀಕ್ಷೆ ನಡೆಸುವ ಊಕ್ಲಾ ಕಂಪನಿಯ ಮುಕ್ತ ದತ್ತಾಂಶ ಬಳಸಿದೆ. ಸಮಭಾಜಕದ ಬಳಿ ಸುಮಾರು 610 ಮೀಟರ್ ಅಗಲವಿರುವ ಚೌಕಗಳಿಗೆ ಡೌನ್‌ಲೋಡ್, ಅಪ್‌ಲೋಡ್, ವಿಳಂಬ ಮತ್ತು ಪರೀಕ್ಷೆಗಳ ಸಂಖ್ಯೆಯನ್ನು ಮೂರು ತಿಂಗಳಿಗೊಮ್ಮೆ ಕೊಡುತ್ತಾರೆ. ಎಂಟು ಜಿಬಿ ಮೆಮೊರಿಯ ಲ್ಯಾಪ್‌ಟಾಪ್ ಆ ಕಡತ ತೆರೆದಾಗಲೆಲ್ಲ ಸ್ತಬ್ಧವಾಗುತ್ತಿತ್ತು; 64 ಯೂರೊ ಕೊಟ್ಟು ಮೆಮೊರಿ ಹೆಚ್ಚಿಸಿಕೊಂಡೆ. ನನ್ನ ನಕ್ಷೆಯಲ್ಲಿ ಹೊಳೆಯ ಈ ದಡಕ್ಕೂ ಆ ದಡಕ್ಕೂ ಇರುವ ವ್ಯತ್ಯಾಸ ಕಾಣುತ್ತದೆ, ನಿಮ್ಮ ಕೋಷ್ಟಕದಲ್ಲಿ ಇಡೀ ಭಾರತಕ್ಕೆ ಒಂದೇ ಸಂಖ್ಯೆ.

ತುಂಗಾತೀರ: ಸಂಪರ್ಕವೇ ಇಲ್ಲದವನು ವೇಗಪರೀಕ್ಷೆ ಮಾಡುವುದಾದರೂ ಹೇಗೆ, ಸ್ವಾಮಿ? ಪ್ರಶ್ನೆ ಲಭ್ಯತೆಯದು, ನೀವು ಅಳೆದಿರುವುದು ಈಗಾಗಲೇ ಲಭ್ಯವಿರುವವರನ್ನು ಮಾತ್ರ.

ಸ್ಟುಟ್‌ಗಾರ್ಟ್ ಕನ್ನಡಿಗ: ಸೆಕೆಂಡಿಗೆ 256 ಕಿಲೊಬಿಟ್ ಹರಿದರೂ ಬ್ರಾಡ್‌ಬ್ಯಾಂಡ್ ಎಂದು ಎಣಿಸುವ ಅಂಕಣವನ್ನು ನಂಬಿ ಅಧ್ಯಾಯ ಕಳೆದುಕೊಂಡವರು ನನಗೆ ಪಾಠ ಹೇಳಬೇಕಾಗಿಲ್ಲ. ಅಮೆರಿಕದಲ್ಲಿ 2024ರಿಂದ ಡೌನ್‌ಲೋಡಿಗೆ 100 ಮೆಗಾಬಿಟ್ ಇದ್ದರಷ್ಟೇ ಆ ಹೆಸರು.

ಕೋಷ್ಟಕಪ್ರಿಯ: ಭಾರತದಲ್ಲೂ 2023ರಲ್ಲಿ ಕನಿಷ್ಠ ಮಿತಿಯನ್ನು 512 ಕಿಲೊಬಿಟ್‌ನಿಂದ 2 ಮೆಗಾಬಿಟ್‌ಗೆ ಏರಿಸಿದರು. ದೇಶಕ್ಕೊಂದು ಅಳತೆಗೋಲು ಹಿಡಿದರೆ ಹೋಲಿಕೆಯೇ ಆಗದು. ತಿಳಿಯದೆ ಹೀಗಳೆಯಬೇಡಿ.

ಸಮೀಕ್ಷಕಿ: ಮನೆ ಮನೆ ತಿರುಗಿ ಕೇಳಿದವಳು ನಾನು. ದಿನಕ್ಕೆ 400 ರೂಪಾಯಿ ಕೊಡುತ್ತಿದ್ದರು, ಬಸ್ಸಿನ 90 ರೂಪಾಯಿ ನನ್ನ ಕೈಯಿಂದಲೇ ಹೋಗುತ್ತಿತ್ತು. ರಾಯಚೂರು ಜಿಲ್ಲೆಯ ಹಳ್ಳಿಯೊಂದರಲ್ಲಿ ಒಬ್ಬ ಅಜ್ಜಿ "ಇಂಟರ್ನೆಟ್ ಗಿಂಟರ್ನೆಟ್ ನಮಗ ಗೊತ್ತಿಲ್ಲವ್ವಾ" ಎಂದರು. ನಾನು 'ಇಲ್ಲ' ಎಂದು ಗುರುತು ಹಾಕಿದೆ. ಚಹಾ ಕುಡಿಯುವಾಗ ಅದೇ ಅಜ್ಜಿ ಫೋನನ್ನು ಸೆರಗಿನಲ್ಲಿ ಒರೆಸಿ, ಪುಣೆಯಿಂದ ಮೊಮ್ಮಗಳು ಅಂದು ಬೆಳಿಗ್ಗೆ ಕಳಿಸಿದ ವಿಡಿಯೊ ತೋರಿಸಿದರು. ಇನ್ನು ಆ ಒಂದು ಸಂಖ್ಯೆಯೊಳಗೆ ಹೆಣ್ಣೆಷ್ಟು, ಗಂಡೆಷ್ಟು ಎಂದು ಇಲ್ಲಿ ಯಾರೂ ಕೇಳಲಿಲ್ಲ. 2019–21ರ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, 15ರಿಂದ 49 ವಯಸ್ಸಿನವರ ಪೈಕಿ, ಎಂದಾದರೂ ಇಂಟರ್ನೆಟ್ ಬಳಸಿದ ಹೆಂಗಸರು ಶೇ. 33, ಗಂಡಸರು ಶೇ. 57.

ಕೋಷ್ಟಕಪ್ರಿಯ: 'ಎಂದಾದರೂ' ಎನ್ನುವುದೂ 'ಕಳೆದ ಮೂರು ತಿಂಗಳಲ್ಲಿ' ಎನ್ನುವುದೂ ಒಂದೇ ಅಲ್ಲ, ಮೇಡಂ. ಒಬ್ಬ ಅಜ್ಜಿಯಿಂದ ದೇಶದ ಅಂಕಿ ಸುಳ್ಳಾಗುವುದಿಲ್ಲ.

ಸಮೀಕ್ಷಕಿ: ಒಂದೇ ಅಲ್ಲವೆಂದು ನಾನೂ ಬಲ್ಲೆ. ಸಮೀಕ್ಷೆ ನಡೆಯದ ವರ್ಷಗಳಿಗೆ ಒಕ್ಕೂಟವು ಅಂದಾಜು ತುಂಬುತ್ತದೆ. ನಿಮ್ಮ ಕೋಷ್ಟಕದಲ್ಲಿ ಯಾವ ವರ್ಷದ್ದು ಅಂದಾಜು ಎಂದು ಗುರುತಿಸಿದ್ದೀರಾ? ಒಬ್ಬ ಅಜ್ಜಿ ಎಂದಿರಲ್ಲ, ಮರುದಿನ ನಾನು ಹತ್ತೊಂಬತ್ತು ಮನೆಗಳಿಗೆ ಮತ್ತೆ ಹೋಗಿ, "ಫೋನಿನಲ್ಲಿ ವಿಡಿಯೊ ನೋಡುತ್ತೀರಾ, ವಾಟ್ಸಾಪ್ ಬರುತ್ತದೆಯೇ" ಎಂದು ಬಿಡಿಸಿ ಕೇಳಿದೆ. ಏಳು ಮನೆಗಳ ಉತ್ತರ ಬದಲಾಯಿತು.